ಬಾಯಿಗೆ ಬಂದದ್ದು ಕೈಗೂ ಬರಲಿ

ಹೋದ ಜನವರಿಯ ಒಂದು ಸಂಜೆ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ಹೊರಗೆ ಬರ್ಮಿಂಗ್‌ಹ್ಯಾಮಿನ ಜಿಟಿಜಿಟಿ ಮಳೆ, ನಾಲ್ಕೂವರೆಗೇ ಕವಿದ ಕತ್ತಲು. ಅಡುಗೆಮನೆಯ ಮೇಜಿನ ಮುಂದೆ ಅವರ ಮೊಮ್ಮಗಳು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಎದುರಿಗೆ ಇಂಗ್ಲಿಷ್ ಮಾಕ್ ಪರೀಕ್ಷೆಯ ಉತ್ತರಪತ್ರಿಕೆ, ಅದರ ನೆತ್ತಿಯ ಮೇಲೆ ಹಸಿರು ಶಾಯಿಯಲ್ಲಿ ಒಂದು ದೊಡ್ಡ 4.

"ತಾತ, ನಾನು ಇಲ್ಲೇ ಹುಟ್ಟಿದವಳು. ಕನಸು ಬೀಳೋದೂ ಇಂಗ್ಲಿಷಲ್ಲೇ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಬಂದ ಹುಡುಗನಿಗೆ ಆರು, ನನಗೆ ನಾಲ್ಕು. ಇದು ಯಾವ ನ್ಯಾಯ?" ಎಂದಳು.

ಕನ್ನಡಕ ಹಾಕಿಕೊಂಡು ಅವಳ ಪ್ರಬಂಧ ಓದಿದೆ. ಬಸ್ ನಿಲ್ದಾಣದಲ್ಲಿ ಕಾಯುತ್ತಿರುವ ಮುದುಕನೊಬ್ಬನ ಕಥೆ. ಚೆನ್ನಾಗಿತ್ತು, ಕೊನೆಯಲ್ಲಿ ಒಂದು ಕಡೆ ನನ್ನ ಗಂಟಲೂ ಕಟ್ಟಿತು. ಆದರೆ 'ಶುಡ್ ಹ್ಯಾವ್' ಎಂದು ಇರಬೇಕಾದ ಮೂರು ಕಡೆ 'ಶುಡ್ ಆಫ್' ಎಂದಿತ್ತು. 'ವಿ ವರ್' ಎಂದಿರಬೇಕಾದ ಎರಡು ಕಡೆ 'ವಿ ವಾಸ್'. ಮೊದಲ ಪೂರ್ಣವಿರಾಮ ಕಂಡದ್ದು ಎಂಟನೇ ಸಾಲಿನಲ್ಲಿ. ಅಲ್ಲಿಯವರೆಗೂ ಬರೀ ಅಲ್ಪವಿರಾಮ, ಗಾರ್ಡಿಲ್ಲದ ರೈಲಿನ ಹಾಗೆ ವಾಕ್ಯದ ಹಿಂದೆ ವಾಕ್ಯ. ಹುಡುಗಿ ತಾನು ಮಾತಾಡುವ ಹಾಗೆಯೇ ಬರೆದಿದ್ದಳು. ಇಂಗ್ಲಿಷ್ ಅವಳ ಬಾಯಿಗೆ ಬಂದಿತ್ತು, ಕೈಗೆ ಇನ್ನೂ ಬಂದಿರಲಿಲ್ಲ.

ಮಕ್ಕಳೇ, ಇವತ್ತು ನಾನು ಹೇಳಹೊರಟಿರುವುದು ಇಷ್ಟೇ: ಬಾಯಿಗೆ ಬಂದದ್ದು ಕೈಗೂ ಬರಲಿ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆಯ ಮನೆಗಳಲ್ಲಿ ಜಿಸಿಎಸ್‌ಇಗೆ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇದು ತಲುಪಲಿ. ಕನ್ನಡ ಓದಲು ಬಾರದವರಿಗೆ ಅಪ್ಪನೋ ಅಮ್ಮನೋ ಓದಿ ಹೇಳಲಿ.

ನನ್ನ ಕಥೆ ನಿಮಗಿಂತ ತಿರುಗುಮುರುಗು. ನಾನು ಓದಿದ್ದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಐದನೇ ತರಗತಿಗೆ ಬರುವವರೆಗೆ ಎ ಬಿ ಸಿ ಡಿ ಕಂಡವನಲ್ಲ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದಿದೆ. ಹೈಸ್ಕೂಲಿನ ಮೇಷ್ಟ್ರ ಹತ್ತಿರ ಕಂದು ಕಾಗದದ ರಟ್ಟು ಹಾಕಿದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ ಒಂದಿತ್ತು. ಇಡೀ ಶಾಲೆಗೆ ಅದೊಂದೇ. ಅವರು ಬೋರ್ಡಿನ ಮೇಲೆ ಅಭ್ಯಾಸ ಬರೆಯುವುದು, ನಾವು ಇಳಿಸಿಕೊಳ್ಳುವುದು. ಎಸ್ಎಸ್ಎಲ್‌ಸಿಯಲ್ಲಿ ಇಂಗ್ಲಿಷ್ ಡುಮ್ಕಿ ಹೊಡೆದವನ ಓದು ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ. ಲೆಕ್ಕ, ವಿಜ್ಞಾನದಲ್ಲಿ ಚುರುಕಾಗಿದ್ದ ನನ್ನ ಇಬ್ಬರು ಗೆಳೆಯರು ಆ ಒಂದು ವಿಷಯಕ್ಕೆ ಬಿದ್ದು ಅಡಿಕೆ ಮಂಡಿ ಸೇರಿದರು. ಆ ಹೆದರಿಕೆಯಲ್ಲೇ ನಾನು ವ್ಯಾಕರಣವನ್ನು ಮಗ್ಗಿಯಂತೆ ಉರುಹೊಡೆದೆ. ಕೈಗೆ ಇಂಗ್ಲಿಷ್ ಬಂತು. ಬಾಯಿಗೆ ಬರಲಿಲ್ಲ.

1978ರಲ್ಲಿ ಡಾಕ್ಟರಾಗಿ ಈ ದೇಶಕ್ಕೆ ಬಂದೆ. ಮಿಡ್‌ಲ್ಯಾಂಡ್ಸಿನ ಒಂದು ಆಸ್ಪತ್ರೆ. ಮೊದಲ ರಾತ್ರಿ ಪಾಳಿಯಲ್ಲಿ ಬ್ಲ್ಯಾಕ್ ಕಂಟ್ರಿ ಕಡೆಯ ಮುದುಕರೊಬ್ಬರು "ಐಯಾಮ್ ಬ್ಯಾಡ್, ಡಾಕ್ಟರ್" ಎಂದರು. ಈ ಮನುಷ್ಯ ಯಾಕೆ ತನ್ನ ಪಾಪ ನಿವೇದಿಸಿಕೊಳ್ಳುತ್ತಿದ್ದಾನೆ ಎಂದು ನನಗೆ ಗಾಬರಿ. ನರ್ಸಮ್ಮ ನಕ್ಕು, "ಮೈಗೆ ಹುಷಾರಿಲ್ಲ ಅಂತಿದ್ದಾರೆ" ಎಂದು ಬಿಡಿಸಿ ಹೇಳಿದರು. ರೆನ್ ಮತ್ತು ಮಾರ್ಟಿನ್ ಇಬ್ಬರೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ.

ಮಾತು ನಾಲ್ಕು ತಿಂಗಳಲ್ಲಿ ಸರಿಹೋಯಿತು. ಸಿಕ್ಕಿಬಿದ್ದದ್ದು ನಾನು ಪಂಡಿತನೆಂದುಕೊಂಡಿದ್ದ ಬರವಣಿಗೆಯಲ್ಲೇ. ರೋಗಿಗಳ ಮನೆ ಡಾಕ್ಟರಿಗೆ ನಾನು ಬರೆದ ಕಾಗದಗಳನ್ನು ನಮ್ಮ ಹಿರಿಯ ವೈದ್ಯರು ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸು ಕಳಿಸುತ್ತಿದ್ದರು. ಒಂದು ಸುತ್ತು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. 'ಹಿ ಈಸ್ ಹ್ಯಾವಿಂಗ್ ಪೇನ್ ಸಿನ್ಸ್ ತ್ರೀ ಡೇಸ್' ಎಂದು ಬರೆದಿದ್ದೆ. ಅವರು ಕೆಳಗೆ 'ಹಿ ಹ್ಯಾಸ್ ಹ್ಯಾಡ್ ಪೇನ್ ಫಾರ್ ತ್ರೀ ಡೇಸ್' ಎಂದು ತಿದ್ದಿದ್ದರು.

ನಾನು ತಪ್ಪಿದ್ದು ಯಾಕೆ ಗೊತ್ತೇ? ಕನ್ನಡದಲ್ಲಿ 'ಸೋಮವಾರದಿಂದ ನೋವು' ಎನ್ನುತ್ತೇವೆ, 'ಮೂರು ದಿನದಿಂದ ನೋವು' ಎಂದೂ ಎನ್ನುತ್ತೇವೆ. ನಮಗೆ ಎರಡಕ್ಕೂ ಒಂದೇ 'ಇಂದ' ಸಾಕು. ಇಂಗ್ಲಿಷಿನಲ್ಲಿ ಶುರುವಾದ ಗಳಿಗೆಗೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. ಈ ಭೇದ ಯಾವ ಮೇಷ್ಟ್ರೂ ಹೇಳದೆ ಹದಿನೈದು ವರ್ಷ ನನ್ನೊಳಗೆ ತಪ್ಪಾಗಿಯೇ ಕೂತಿತ್ತು. ಮೂರನೇ ಸಲ ಕಾಗದ ವಾಪಸಾದಾಗ ಹಿರಿಯರು ಕರೆದು ಹೇಳಿದರು, "ನಿನ್ನ ವೈದ್ಯದಲ್ಲಿ ತಪ್ಪಿಲ್ಲ. ಆದರೆ ಈ ಕಾಗದ ಓದುವ ಡಾಕ್ಟರಿಗೆ ನಿನ್ನ ಮುಖ ಕಾಣುವುದಿಲ್ಲ, ವಾಕ್ಯ ಮಾತ್ರ ಕಾಣುತ್ತದೆ."

ಅವತ್ತು ರಾತ್ರಿ ಡೈರಿಯ ಕೊನೆಯ ಪುಟದಲ್ಲಿ 'ನನ್ನ ತಪ್ಪುಗಳು' ಎಂದು ಕನ್ನಡದಲ್ಲಿ ತಲೆಬರಹ ಬರೆದೆ. ಮೊದಲ ತಿಂಗಳಿಗೆ ಹನ್ನೊಂದು ಕೂಡಿದವು. ಕಾಗದ ಬರೆದ ಮೇಲೆ ಆ ಪುಟ ತೆಗೆದು ಹನ್ನೊಂದನ್ನೂ ಒಂದೊಂದಾಗಿ ಹುಡುಕುತ್ತಿದ್ದೆ. ಕ್ರಿಸ್‌ಮಸ್ ಹೊತ್ತಿಗೆ ಅವು ನಾಲ್ಕಕ್ಕೆ ಇಳಿದವು. ಮರುವರ್ಷ ಪೆನ್ಸಿಲಿನ ಸುತ್ತುಗಳು ನಿಂತವು.

ಈಗ ನಿಮ್ಮ ಪರೀಕ್ಷೆಗೆ ಬನ್ನಿ. ನಿಮ್ಮ ಮುಖ ಕಾಣದ, ವಾಕ್ಯ ಮಾತ್ರ ಕಾಣುವ ಇನ್ನೊಬ್ಬ ಓದುಗ ಅಲ್ಲಿದ್ದಾನೆ. 2017ರಿಂದ ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಪರೀಕ್ಷೆಗೆ 9ರಿಂದ 1ರವರೆಗಿನ ಅಂಕಿ ಶ್ರೇಣಿ ಬಂದಿದೆ. ಮನೆಯಲ್ಲಿ ಬರೆದು ಒಪ್ಪಿಸುವ ಕೋರ್ಸ್‌ವರ್ಕ್ ಹೋಗಿದೆ. ಭಾಷಣದ ಭಾಗವೊಂದಿದೆ, ಆದರೆ ಅದರ ಫಲ ಪ್ರತ್ಯೇಕ, ಶ್ರೇಣಿಗೆ ಸೇರುವುದಿಲ್ಲ. ಎಲ್ಲವೂ ಪರೀಕ್ಷೆಯ ಕೊಠಡಿಯಲ್ಲಿ, ನಿಮ್ಮ ಕೈಬರಹದಲ್ಲಿ. ಮ್ಯಾಂಚೆಸ್ಟರಿನಲ್ಲಿ ಕಚೇರಿ ಇರುವ ಎಕ್ಯೂಎ ಮಂಡಳಿಯ ಇಂಗ್ಲಿಷ್ ಭಾಷಾ ಪರೀಕ್ಷೆಯನ್ನೇ ನೋಡಿ. ಎರಡು ಪತ್ರಿಕೆ, ಒಂದೊಂದಕ್ಕೂ ಒಂದೂಮುಕ್ಕಾಲು ಗಂಟೆ, 80 ಅಂಕ. ಅದರಲ್ಲಿ 40 ಓದಿ ಅರ್ಥಮಾಡಿಕೊಳ್ಳುವುದಕ್ಕೆ, 40 ಬರವಣಿಗೆಗೆ. ಬರವಣಿಗೆಯ 40ರಲ್ಲಿ 24 ಅಂಕ ವಿಷಯಕ್ಕೂ ಜೋಡಣೆಗೂ, 16 ಅಂಕ ಕಾಗುಣಿತ, ವಾಕ್ಯರಚನೆ, ವಿರಾಮಚಿಹ್ನೆಗಳಿಗೆ. ಎರಡೂ ಪತ್ರಿಕೆ ಸೇರಿಸಿದರೆ 160ಕ್ಕೆ 32, ಅಂದರೆ ಐದರಲ್ಲಿ ಒಂದು ಪಾಲು. ಮಂಡಳಿ ಬೇರೆಯಾದರೂ ಈ ಐದನೇ ಒಂದು ಪಾಲು ತಪ್ಪುವುದಿಲ್ಲ.

ಈ 32 ಅಂಕಗಳಿಗೆ ಪ್ರತಿಭೆ ಬೇಡ, ಸ್ಫೂರ್ತಿ ಬೇಡ. ರೂಢಿ ಬೇಕು. ಬಸ್ ನಿಲ್ದಾಣದ ಮುದುಕನ ಕಥೆ ಕಟ್ಟಲು ಎಲ್ಲರಿಗೂ ಬರುವುದಿಲ್ಲ, ನಮ್ಮ ಹುಡುಗಿಗೆ ಬರುತ್ತದೆ. ಪೂರ್ಣವಿರಾಮ ಹಾಕಲು ಎಲ್ಲರಿಗೂ ಬರುತ್ತದೆ, ಅವಳು ಹಾಕಿರಲಿಲ್ಲ. ಕಷ್ಟದ ಹಣ ಸಂಪಾದಿಸಿ ಸುಲಭದ ಹಣ ದಾರಿಯಲ್ಲಿ ಚೆಲ್ಲಿಕೊಂಡು ಬಂದ ಹಾಗಾಯಿತು.

'ಶುಡ್ ಹ್ಯಾವ್' ಮಾತಿನ ಓಟದಲ್ಲಿ 'ಶುಡವ್' ಎಂದು ಸವೆಯುತ್ತದೆ. ಕಿವಿ ಕೇಳಿದ್ದನ್ನು ಕೈ ಬರೆಯುತ್ತದೆ. ಕನ್ನಡದಲ್ಲೂ 'ಹೋಗಬೇಕಾಗಿತ್ತು' ಎಂಬುದು ಬಾಯಲ್ಲಿ 'ಹೋಗ್ಬೇಕಿತ್ತು' ಆಗುತ್ತದಲ್ಲ, ಹಾಗೆ. ನಿಮ್ಮ ಊರಿನ ಇಂಗ್ಲಿಷಿಗೆ ನಾಚಬೇಡಿ. ಬ್ಲ್ಯಾಕ್ ಕಂಟ್ರಿಯವರು ಚೆನ್ನಾಗಿರುವುದಕ್ಕೆ 'ಬಾಸ್ಟಿನ್' ಎನ್ನುತ್ತಾರೆ. ಮ್ಯಾಂಚೆಸ್ಟರಿನಲ್ಲಿ ಪೀಡಿಸುವುದಕ್ಕೆ 'ಮೈದರ್' ಎನ್ನುತ್ತಾರೆ. ಲೀಡ್ಸಿನಲ್ಲಿ ಏನೂ ಇಲ್ಲದ್ದು 'ನೌಟ್', ಅಲ್ಲಿನ ಹಳಬರು ಒಂಬತ್ತರಿಂದ ಐದರವರೆಗೆ ಎನ್ನಲು 'ನೈನ್ ವೈಲ್ ಫೈವ್' ಎನ್ನುವುದನ್ನು ನಾನೇ ಕೇಳಿದ್ದೇನೆ. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಮೈಸೂರಿನ ಕನ್ನಡ ಬೇರೆ ಬೇರೆ ಇದ್ದ ಹಾಗೆ ಇವೂ ಆಯಾ ಊರಿನ ಸೊಗಸು. ಆದರೆ ಕುಂದಾಪುರದ ಹುಡುಗ ಎಸ್ಎಸ್ಎಲ್‌ಸಿ ಪತ್ರಿಕೆಯಲ್ಲಿ ತನ್ನ ಮನೆಮಾತನ್ನು ಬರೆಯುವುದಿಲ್ಲ, ಗ್ರಾಂಥಿಕ ಕನ್ನಡ ಬರೆಯುತ್ತಾನೆ. ನಿಮ್ಮ ಪರೀಕ್ಷಕರು ಕೇಳುವುದೂ ಅದನ್ನೇ, ಗ್ರಾಂಥಿಕ ಇಂಗ್ಲಿಷ್. ಗೆಳೆಯರ ನಡುವೆ 'ವಿ ವಾಸ್' ಎನ್ನಿ, ಯಾರೂ ತಡೆಯುವುದಿಲ್ಲ. ಕಥೆಯಲ್ಲಿ ಒಬ್ಬ ಮುದುಕ ಮಾತಾಡುವಾಗ ಅವನ ಬಾಯಲ್ಲಿ ಹಾಕಿ, ಅದು ಕಲೆ. ನಿಮ್ಮ ವಾಕ್ಯದಲ್ಲಿ ಹಾಕಬೇಡಿ, ಅದು ತಪ್ಪು.

ಇತ್ತೀಚೆಗೆ ಊರಿಂದ ಬಂದ ಮಕ್ಕಳಿಗೆ ಬೇರೆ ಮಾತಿದೆ. ಅಮ್ಮ ಆಸ್ಪತ್ರೆಯ ಕೆಲಸಕ್ಕೋ ಅಪ್ಪ ಕಂಪ್ಯೂಟರ್ ಕೆಲಸಕ್ಕೋ ಬಂದರೆಂದು ಎಂಟನೆಯ, ಒಂಬತ್ತನೆಯ ತರಗತಿಯ ನಡುವೆ ಬೆಂಗಳೂರು, ಹುಬ್ಬಳ್ಳಿ ಬಿಟ್ಟು ಬಂದವರು ನೀವು. ತರಗತಿಯಲ್ಲಿ ಬಾಯಿ ಬಿಡಲು ಹೆದರುತ್ತೀರಿ. ಹೆದರಬೇಡಿ. ನಿಮ್ಮ ತಪ್ಪುಗಳು ನನ್ನವೇ: 'ಸಿನ್ಸ್' ಮತ್ತು 'ಫಾರ್' ಗೊಂದಲ, ಬೇಕಾದಲ್ಲಿ 'ಎ', 'ದಿ' ಬಿಡುವುದು, 'ಡಿಸ್ಕಸ್' ಆದಮೇಲೆ ಬೇಡದ 'ಅಬೌಟ್' ಅಂಟಿಸುವುದು. ಕನ್ನಡದಲ್ಲಿ 'ಎ', 'ದಿ' ಇಲ್ಲವಾದ್ದರಿಂದ ಅವು ಕೈತಪ್ಪುತ್ತವೆ, ಅಷ್ಟೇ. ತಪ್ಪು ಎಲ್ಲಿಂದ ಬಂತು ಎಂದು ಗೊತ್ತಾದರೆ ಅರ್ಧ ವಾಸಿಯಾದ ಹಾಗೆ. ಡಾಕ್ಟರು ಹೇಳುತ್ತಿರುವ ಮಾತು, ನಂಬಿ.

ಇದೇ ಬರ್ಮಿಂಗ್‌ಹ್ಯಾಮಿಗೆ 2012ರ ಅಕ್ಟೋಬರಿನಲ್ಲಿ ಗುಂಡೇಟು ತಿಂದ ಹುಡುಗಿಯೊಬ್ಬಳನ್ನು ವಿಮಾನದಲ್ಲಿ ತಂದರು. ಪಾಕಿಸ್ತಾನದ ಸ್ವಾತ್ ಕಣಿವೆಯ ಮಲಾಲಾ ಯೂಸುಫ್‌ಝಾಯಿ. ಅವಳ ಮನೆಮಾತು ಪಶ್ತೊ. ಚಿಕಿತ್ಸೆ ಮುಗಿಸಿ ಎಜ್‌ಬಾಸ್ಟನ್ನಿನ ಹುಡುಗಿಯರ ಶಾಲೆ ಸೇರಿ, 2015ರಲ್ಲಿ ಜಿಸಿಎಸ್‌ಇ ಬರೆದಳು. ಆಗಿನ ಅಕ್ಷರ ಶ್ರೇಣಿಯಲ್ಲಿ ಆರು ಎ ಸ್ಟಾರ್, ನಾಲ್ಕು ಎ. ನಡುವೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂದಿತ್ತು. ಅವಳಿಗೆ ಬಂದಂಥ ಕಷ್ಟ ಯಾರಿಗೂ ಬೇಡ. ಆದರೆ ಹದಿನೈದನೇ ವಯಸ್ಸಿಗೆ ಬಂದಿಳಿದವರಿಗೆ ಈ ಪರೀಕ್ಷೆ ಎಟುಕುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವಳನ್ನು ನೆನೆಯಿರಿ.

ಪದಸಂಪತ್ತಿನ ಬಗ್ಗೆ ಎರಡು ಮಾತು. ಪರೀಕ್ಷೆ ಹತ್ತಿರವಾದಾಗ ನೀವು 'ಕಷ್ಟದ ಪದಗಳ ಪಟ್ಟಿ' ಇಳಿಸಿಕೊಂಡು ಉರುಹೊಡೆಯುವುದನ್ನು ನೋಡಿದ್ದೇನೆ. ಆಮೇಲೆ ಒಂದೇ ಪ್ಯಾರಾದಲ್ಲಿ ನಾಲ್ಕು ಭಾರದ ಪದ ತುರುಕುತ್ತೀರಿ. ದಿನಾ ಚಪ್ಪಲಿ ಹಾಕುವ ಕಾಲಿಗೆ ಮದುವೆಯ ದಿನ ಹೊಸ ಬೂಟು ಏರಿಸಿದ ಹಾಗೆ, ಕಚ್ಚುತ್ತದೆ, ಕುಂಟಿಸುತ್ತದೆ.

ಪದ ಕಲಿಯುವ ದಾರಿ ತೋರಿಸಿದವರು ನಿಮ್ಮ ನೆರೆಯವರೇ. ಬರ್ಮಿಂಗ್‌ಹ್ಯಾಮಿನಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಲಿಚ್‌ಫೀಲ್ಡ್. 1709ರಲ್ಲಿ ಅಲ್ಲಿ ಪುಸ್ತಕದಂಗಡಿಯವನ ಮಗನಾಗಿ ಹುಟ್ಟಿದ ಸ್ಯಾಮುಯೆಲ್ ಜಾನ್ಸನ್ 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ. ನಲವತ್ತೆರಡು ಸಾವಿರಕ್ಕೂ ಹೆಚ್ಚು ಪದಗಳು. ಬರೀ ಅರ್ಥ ಕೊಟ್ಟು ಸುಮ್ಮನಾಗಲಿಲ್ಲ, ದೊಡ್ಡ ಲೇಖಕರು ಆ ಪದವನ್ನು ಬಳಸಿದ ವಾಕ್ಯಗಳನ್ನೂ ಹೆಕ್ಕಿ ಕೆಳಗೆ ಇಟ್ಟ. ನಮ್ಮ ಕನ್ನಡಕ್ಕೆ ಅಂಥದ್ದೇ ಕೆಲಸ ಮಾಡಿದವರು ಜರ್ಮನಿಯಿಂದ ಬಂದ ಕಿಟೆಲ್. ಕನ್ನಡ ಅವರಿಗೆ ತಾಯಿನುಡಿಯಲ್ಲ. ದೊಡ್ಡವರಾದ ಮೇಲೆ ಕಲಿತ ಭಾಷೆಗೆ 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟು ಕೊಟ್ಟರು. ಪರಭಾಷೆ ಕೈಗೆ ಬರುವುದಿಲ್ಲ ಎನ್ನುವವರಿಗೆ ಕಿಟೆಲ್ ಒಬ್ಬರೇ ಉತ್ತರ.

ನೀವು ಎಪ್ಪತ್ತು ಸಾವಿರಕ್ಕೆ ಹೋಗಬೇಡಿ. ದಿನಕ್ಕೆ ಮೂರು ಸಾಕು. ಓದುವಾಗ ತೊಡರಿದ ಮೂರು ಪದ, ಅವು ಸಿಕ್ಕ ವಾಕ್ಯ, ಕೆಳಗೆ ನಿಮ್ಮದೇ ಒಂದು ವಾಕ್ಯ. ಪಕ್ಕದಲ್ಲಿ ಕನ್ನಡದ ಅರ್ಥವನ್ನೂ ಬರೆದುಕೊಳ್ಳಿ, ಗೊತ್ತಿಲ್ಲದಿದ್ದರೆ ಅಜ್ಜಿಗೆ ಫೋನ್ ಮಾಡಿ ಕೇಳಿ. ಅಜ್ಜಿಗೂ ಖುಷಿ. ಸೆಪ್ಟೆಂಬರಿನಲ್ಲಿ ಹಿಡಿದರೆ ಮೇ ಹೊತ್ತಿಗೆ ಏಳುನೂರು ಪದ ನಿಮ್ಮ ಸ್ವಂತದ್ದಾಗುತ್ತವೆ. ಹನಿಗೂಡಿ ಹಳ್ಳ ಆಗುವುದು ಹೀಗೆಯೇ.

ಪದ ಬರಬೇಕಾದರೆ ಓದಬೇಕು. ಇಲ್ಲಿ ನನಗೆ ನಿಜವಾದ ಆತಂಕವಿದೆ. ನಮ್ಮ ಕಾಲದಲ್ಲಿ ಪುಸ್ತಕ ಇರಲಿಲ್ಲ. ನಿಮ್ಮ ಕಾಲದಲ್ಲಿ ಪುಸ್ತಕಕ್ಕೆ ಬರವಿಲ್ಲ, ಕೂತು ಓದುವ ಸೈರಣೆಗೆ ಬರ. ಫೋನಿನಲ್ಲಿ ನೀವು ದಿನವಿಡೀ ಓದುತ್ತೀರಿ, ಆದರೆ ಎರಡು ಸಾಲು ಓದಿ ಬೆರಳು ಜಾರಿಸುತ್ತೀರಿ. ಎಕ್ಯೂಎಯ ಎರಡನೇ ಪತ್ರಿಕೆಯಲ್ಲಿ ನಿಮ್ಮ ಮುಂದೆ ಇಡುವ ಎರಡು ಬರಹಗಳಲ್ಲಿ ಒಂದು ಹತ್ತೊಂಬತ್ತನೇ ಶತಮಾನದ್ದು. ಅಲ್ಲಿನ ವಾಕ್ಯ ಐದು ಸಾಲು ಸಾಗಿದ ಮೇಲೆ ಕ್ರಿಯಾಪದ ತೋರಿಸಿದರೂ ತೋರಿಸೀತು. ಅಷ್ಟು ದೂರ ಉಸಿರು ಹಿಡಿದು ಹೋಗುವ ಅಭ್ಯಾಸ ಇಲ್ಲದಿದ್ದರೆ ನಡುದಾರಿಯಲ್ಲೇ ದಣಿಯುತ್ತೀರಿ. ಆ ಉಸಿರು ಮೇ ತಿಂಗಳ ಬೆಳಗ್ಗೆ ಒಮ್ಮೆಲೇ ಬರುವುದಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಯಾರನ್ನೂ ಗೆಲ್ಲಿಸಿಲ್ಲ.

'ದೇಶ ಸುತ್ತು, ಕೋಶ ಓದು' ಎಂಬ ಗಾದೆ ನಮ್ಮದು. ನಿಮಗೆ ಎರಡೂ ಒಟ್ಟಿಗೇ ಆಗುವ ಭಾಗ್ಯವಿದೆ. ಲೀಡ್ಸಿನವರು ಕೀತ್ಲಿಗೆ ಹೋಗಿ ಹಬೆ ರೈಲು ಹತ್ತಿದರೆ ಹಾವರ್ತ್ ಬರುತ್ತದೆ. ಬ್ರಾಂಟಿ ಸೋದರಿಯರು ಬೆಳೆದ ಮನೆ ಅಲ್ಲಿದೆ, ಅವರಲ್ಲೊಬ್ಬಳು ಬರೆದ 'ಜೇನ್ ಏರ್' 1847ರಲ್ಲಿ ಪ್ರಕಟವಾದದ್ದು. ಮ್ಯಾಂಚೆಸ್ಟರಿನ ಪ್ಲಿಮತ್ ಗ್ರೋವಿನಲ್ಲಿ ಎಲಿಜಬೆತ್ ಗ್ಯಾಸ್ಕೆಲ್ ಇದ್ದ ಮನೆ ಇವತ್ತಿಗೂ ನೋಡಲು ಸಿಗುತ್ತದೆ. ನಿಮ್ಮಲ್ಲಿ ಅನೇಕರು ಸಾಹಿತ್ಯ ಪತ್ರಿಕೆಗೆ ಓದುವ 'ಆನ್ ಇನ್‌ಸ್ಪೆಕ್ಟರ್ ಕಾಲ್ಸ್' ಬರೆದ ಪ್ರೀಸ್ಟ್ಲಿ ಬ್ರಾಡ್‌ಫರ್ಡಿನವನು. ಇನ್ನು 'ಎ ಕ್ರಿಸ್‌ಮಸ್ ಕ್ಯಾರಲ್'. ಡಿಕನ್ಸ್ 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಟೌನ್ ಹಾಲಿಗೆ ಬಂದು ಅದನ್ನು ಜನರ ಮುಂದೆ ಗಟ್ಟಿಯಾಗಿ ಓದಿದ. ಒಂದು ದಿನದ ಓದನ್ನು ಕಾರ್ಖಾನೆಯ ದುಡಿಮೆಗಾರರಿಗಾಗಿಯೇ, ಕಡಿಮೆ ದರದಲ್ಲಿ ಇಡಿಸಿದ. ದಿನವಿಡೀ ಕೂಲಿ ಮಾಡಿದವರು ಸಂಜೆ ಬಂದು ಕೂತು ಕಥೆ ಕೇಳಿದರು. ಅದೇ ಪುಸ್ತಕದ ಸಾರಾಂಶವನ್ನು ನೀವು ಮೂರು ನಿಮಿಷದ ವಿಡಿಯೊದಲ್ಲಿ ನೋಡಿ ಮುಗಿಸುತ್ತೀರಿ ಎಂದರೆ ನನಗೆ ಸಂಕಟವಾಗುತ್ತದೆ.

ಗಟ್ಟಿಯಾಗಿ ಓದುವುದು ಹಳೆಯ ಕಾಲದ ಪದ್ಧತಿ ಎಂದು ನಗಬೇಡಿ. ನಮ್ಮ ಹಳ್ಳಿಯಲ್ಲಿ ಮಳೆಗಾಲದ ರಾತ್ರಿ ಒಬ್ಬರು ಭಾರತ ವಾಚನ ಮಾಡಿದರೆ ಉಳಿದವರು ಕೇಳುತ್ತಿದ್ದರು. ಅಕ್ಷರ ಬಾರದ ನನ್ನ ಅಜ್ಜಿ ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಎಂದು ಓದುವವರನ್ನೇ ತಿದ್ದುತ್ತಿದ್ದಳು. ಗಟ್ಟಿಯಾಗಿ ಓದಿದಾಗ ಪೂರ್ಣವಿರಾಮ ಎಲ್ಲಿ ಬೇಕೆಂದು ಉಸಿರೇ ಹೇಳುತ್ತದೆ. ಆ ಸಂಜೆ ನಮ್ಮ ಹುಡುಗಿಗೆ ಅವಳ ಪ್ರಬಂಧವನ್ನು ಗಟ್ಟಿಯಾಗಿ ಓದಲು ಹೇಳಿದೆ. ನಾಲ್ಕನೇ ಸಾಲಿಗೆ ಉಸಿರು ಸಿಕ್ಕಿಕೊಂಡಿತು. ನಿಂತಳು, ನಕ್ಕಳು, ಪೆನ್ನು ಎತ್ತಿಕೊಂಡು ತಾನೇ ಒಂದು ಚುಕ್ಕೆ ಇಟ್ಟಳು. ನಾನು ಒಂದು ಮಾತೂ ಆಡಬೇಕಾಗಲಿಲ್ಲ.

ಗ್ರಂಥಾಲಯಕ್ಕೆ ಹೋಗಿ. 2013ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ದೊಡ್ಡ ಗ್ರಂಥಾಲಯದ ಬಾಗಿಲು ತೆರೆದವಳು ಅದೇ ಮಲಾಲಾ. ಮ್ಯಾಂಚೆಸ್ಟರಿನಲ್ಲಿ 1653ರಲ್ಲಿ ಸ್ಥಾಪನೆಯಾಗಿ ಇಂದಿಗೂ ಸಾರ್ವಜನಿಕರಿಗೆ ಬಾಗಿಲು ತೆರೆದಿರುವ ಚೀಥಮ್ಸ್ ಗ್ರಂಥಾಲಯವಿದೆ. ಆದರೆ ಒಳ್ಳೆಯ ದಿನಗಳು ತಾವಾಗಿ ಉಳಿಯುವುದಿಲ್ಲ. 2023ರಲ್ಲಿ ಬರ್ಮಿಂಗ್‌ಹ್ಯಾಮ್ ನಗರಸಭೆ ತನ್ನ ಬೊಕ್ಕಸ ಬರಿದಾಗಿದೆ ಎಂದು ಘೋಷಿಸಿದ ಮೇಲೆ ಬಡಾವಣೆಗಳ ಗ್ರಂಥಾಲಯಗಳ ಸಮಯಕ್ಕೂ ಕತ್ತರಿ ಬಿದ್ದಿದೆ. ಇರುವಾಗ ಬಳಸಿಕೊಳ್ಳಿ. ಬಳಸದ ಬಾವಿ ಹಾಳುಬೀಳುತ್ತದೆ.

ಯಂತ್ರದ ಮಾತು ಎತ್ತದೆ ಮುಂದೆ ಹೋಗುವಂತಿಲ್ಲ. ಹೋಂವರ್ಕ್ ಪ್ರಬಂಧವನ್ನು ಕೃತಕ ಬುದ್ಧಿಮತ್ತೆಯ ಕೈಲಿ ಬರೆಸುವವರು ನಿಮ್ಮಲ್ಲಿ ಇದ್ದೀರಿ. ಗದರಿಸುವುದಿಲ್ಲ, ಒಂದೇ ಮಾತು ಕೇಳುತ್ತೇನೆ. ಎರವಲು ಒಡವೆ ತೊಟ್ಟು ಮದುವೆಗೆ ಹೋದರೆ ಸಂಜೆಗೆ ಬಿಚ್ಚಿಕೊಡಬೇಕು ತಾನೇ? ಪರೀಕ್ಷೆಯ ಕೊಠಡಿಯ ಬಾಗಿಲಲ್ಲಿ ಫೋನನ್ನು ಬಿಚ್ಚಿಕೊಟ್ಟೇ ಒಳಗೆ ಹೋಗಬೇಕು. ಆಗ ಮೈಮೇಲೆ ಉಳಿಯುವುದು ನಿಮ್ಮದೇ ಆದದ್ದು ಮಾತ್ರ. ಬರೆಸಿಕೊಳ್ಳಬೇಡಿ. ನೀವು ಬರೆದದ್ದನ್ನು ತೋರಿಸಿ 'ಇಲ್ಲಿ ಯಾಕೆ ತಪ್ಪು' ಎಂದು ಬೇಕಾದರೆ ಕೇಳಿ, ಅದಕ್ಕೂ ಮೊದಲು ನಿಮ್ಮ ಟೀಚರನ್ನು ಕೇಳಿ.

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಮಗುವಿಗೆ ಇಂಗ್ಲಿಷ್ ಬರಲಿ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ಆ ಮನೆಗಳಲ್ಲಿ ಕನ್ನಡ ಹೋಯಿತು, ಇಂಗ್ಲಿಷ್ ಹೆಚ್ಚೇನೂ ಬರಲಿಲ್ಲ. ಯು. ಆರ್. ಅನಂತಮೂರ್ತಿಯವರು ತೀರ್ಥಹಳ್ಳಿ ಸೀಮೆಯಲ್ಲಿ ಸಂಸ್ಕೃತ ಪಾಠಶಾಲೆಯಿಂದ ಓದು ಶುರುಮಾಡಿ ಇಂಗ್ಲಿಷ್ ಮೇಷ್ಟ್ರಾದವರು. ಅರವತ್ತರ ದಶಕದಲ್ಲಿ ಇದೇ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಬಂದು, 1930ರ ದಶಕದ ಇಂಗ್ಲಿಷ್ ಕಾದಂಬರಿಗಳ ಮೇಲೆ ಸಂಶೋಧನೆ ಮಾಡಿ 1966ರಲ್ಲಿ ಡಾಕ್ಟರೇಟ್ ಪಡೆದರು. ಇಲ್ಲಿ ತಮ್ಮ ಗುರು ಮಾಲ್ಕಮ್ ಬ್ರಾಡ್ಬರಿ ಜೊತೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿ, ಅದರ ಬಗ್ಗೆ ಮಾತಾಡಿದ್ದೇ 'ಸಂಸ್ಕಾರ'ಕ್ಕೆ ಕಿಡಿಯಾಯಿತು. ಹಗಲು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಿದ್ದ ಊರಿನಲ್ಲೇ ಕನ್ನಡದ ಆ ಕಾದಂಬರಿ ಹುಟ್ಟಿ 1965ರಲ್ಲಿ ಪ್ರಕಟವಾಯಿತು. ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿ, 'ಮುಕ್ತಿ'ಯ ಲೇಖಕ ಶಾಂತಿನಾಥ ದೇಸಾಯಿಯವರು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಒಂದು ಭಾಷೆ ಇನ್ನೊಂದರ ಅನ್ನ ಕಸಿಯುವುದಿಲ್ಲ. ನಿಮ್ಮ ಮುರುಕು ಇಂಗ್ಲಿಷನ್ನು ಮಗುವಿಗೆ ಕಲಿಸುವುದಕ್ಕಿಂತ ನಿಮ್ಮ ಗಟ್ಟಿ ಕನ್ನಡವನ್ನು ಕೊಡಿ. ಒಂದು ಭಾಷೆಯಲ್ಲಿ ಕರ್ತೃ ಯಾವುದು, ಕ್ರಿಯೆ ಯಾವುದು ಎಂದು ತಿಳಿದ ಮಗು ಇನ್ನೊಂದರಲ್ಲಿ ಬೇಗ ಕಂಡುಕೊಳ್ಳುತ್ತದೆ.

ಗಂಟೆಗೆ ಇಷ್ಟು ಪೌಂಡ್ ಎಂದು ಟ್ಯೂಷನ್ನಿಗೆ ಸುರಿದು ಕೈತೊಳೆದುಕೊಳ್ಳಬೇಡಿ. ವಾರಕ್ಕೊಂದು ಗಂಟೆ ಬರುವ ಟ್ಯೂಷನ್ ಮೇಷ್ಟ್ರು ದಿನಾ ಬರುವ ರೂಢಿಗೆ ಸಮನಲ್ಲ. ರಾತ್ರಿ ಊಟದ ಮೇಲೆ ಇಪ್ಪತ್ತು ನಿಮಿಷ ಮನೆಯ ಎಲ್ಲ ಫೋನುಗಳನ್ನೂ, ನಿಮ್ಮದನ್ನೂ ಸೇರಿಸಿ, ಒಂದು ಬುಟ್ಟಿಗೆ ಹಾಕಿ ಎಲ್ಲರೂ ಏನನ್ನಾದರೂ ಓದಿ. ನೀವು ಕನ್ನಡ ಓದಿದರೂ ಸರಿ. ಓದುವ ಅಪ್ಪನನ್ನು ನೋಡಿ ಮಗು ಓದುತ್ತದೆ, ಓದು ಎಂದು ಗದರುವ ಅಪ್ಪನನ್ನು ನೋಡಿ ಅಲ್ಲ.

ಮತ್ತೆ ಮಕ್ಕಳ ಹತ್ತಿರ ಬರುತ್ತೇನೆ. ಮಾಡಬೇಕಾದ್ದು ಇಷ್ಟೇ. ದಿನಾ ಇಪ್ಪತ್ತು ನಿಮಿಷ ಓದಿ, ಅದರಲ್ಲಿ ಒಂದು ಪುಟ ಗಟ್ಟಿಯಾಗಿ. ಮೂರು ಪದ ಬರೆದಿಟ್ಟುಕೊಳ್ಳಿ. ಕೈಯಲ್ಲಿ ಒಂದು ಪ್ಯಾರಾ ಬರೆಯಿರಿ, ಒಂದು ರಾತ್ರಿ ಮಲಗಿಸಿ, ಮರುದಿನ ಪರರ ಕಣ್ಣಿನಿಂದ ತಿದ್ದಿ. ಸಿಕ್ಕ ತಪ್ಪನ್ನು ಕೊನೆಯ ಪುಟದ ಪಟ್ಟಿಗೆ ಸೇರಿಸಿ. ಭಾನುವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆಯ ಬರವಣಿಗೆಯ ಭಾಗವನ್ನು ನಲವತ್ತೈದು ನಿಮಿಷ ಗಡಿಯಾರ ಇಟ್ಟುಕೊಂಡು ಬರೆಯಿರಿ. ನಲವತ್ತಕ್ಕೆ ನಿಲ್ಲಿಸಿ, ಕೊನೆಯ ಐದು ನಿಮಿಷ ಆ ಪಟ್ಟಿ ಹಿಡಿದು ನಿಮ್ಮ ಹಳೆಯ ಕಳ್ಳರನ್ನು ಹುಡುಕಿ. ಪರೀಕ್ಷೆಯ ದಿನ ಪಟ್ಟಿ ಕೈಯಲ್ಲಿ ಇರುವುದಿಲ್ಲ, ಆ ಹೊತ್ತಿಗೆ ತಲೆಯಲ್ಲಿ ಇರುತ್ತದೆ.

ಇಷ್ಟಾದರೂ ಪಾಸಿಗೆ ಬೇಕಾದ 4 ಬಾರದಿದ್ದರೆ? ಆಕಾಶ ಕಳಚಿ ಬೀಳುವುದಿಲ್ಲ. ಇಂಗ್ಲಿಷಿನಲ್ಲೋ ಗಣಿತದಲ್ಲೋ 4 ಬಾರದವರು ಹದಿನಾರು ಹದಿನೆಂಟರ ನಡುವೆ ಆ ವಿಷಯವನ್ನು ಮುಂದುವರಿಸಿ ಓದಲೇಬೇಕು ಎಂದು ಇಲ್ಲಿನ ಸರ್ಕಾರದ ನಿಯಮವಿದೆ, ನವೆಂಬರಿನಲ್ಲಿ ಮರುಪರೀಕ್ಷೆಯೂ ಇದೆ. ನನ್ನ ಇಬ್ಬರು ಗೆಳೆಯರಿಗೆ ಸಿಗದ ಎರಡನೇ ಬಾಗಿಲು ನಿಮಗಿದೆ. ಆದರೆ ಆ ಬಾಗಿಲಿಗೆ ಹೋದವರನ್ನೂ ಕಂಡಿದ್ದೇನೆ. ಗೆಳೆಯರೆಲ್ಲ ಸಿಕ್ಸ್ತ್ ಫಾರ್ಮಿನಲ್ಲಿ ತಮಗೆ ಬೇಕಾದ ವಿಷಯ ಓದುವಾಗ ತಾವು ಮಾತ್ರ ಹಳೆಯ ಪುಸ್ತಕ ಹಿಡಿದು ಕೂರುವ ಬೇಸರ ಸಣ್ಣದಲ್ಲ. ಅದು ತಪ್ಪಿಸಿಕೊಳ್ಳಬಹುದಾದ ಬೇಸರ.

ಯುಗಾದಿಯ ದಿನ ಕನ್ನಡ ಬಳಗದ ಊಟದ ಸಾಲಿನಲ್ಲಿ ಆ ಹುಡುಗಿ ಮತ್ತೆ ಸಿಕ್ಕಳು. ಹೋಳಿಗೆ ಬಡಿಸಿಕೊಳ್ಳುವ ಮೊದಲೇ ಕೈಚೀಲದಿಂದ ನೋಟ್‌ಬುಕ್ ತೆಗೆದು ಕೊನೆಯ ಪುಟ ತೋರಿಸಿದಳು. 'ನನ್ನ ತಪ್ಪುಗಳು' ಎಂದು ಓರೆಕೋರೆ ಕನ್ನಡದಲ್ಲಿ ಬರೆದಿದ್ದಳು, ಪಕ್ಕದಲ್ಲಿ ಅಮ್ಮ ತಿದ್ದಿದ ಒತ್ತಕ್ಷರ. ಒಂಬತ್ತು ತಪ್ಪುಗಳಲ್ಲಿ ಐದರ ಮೇಲೆ ಗೆರೆ ಎಳೆದಿತ್ತು. 'ಶುಡ್ ಆಫ್' ಮೇಲೆ ಎರಡು ಗೆರೆ. ಎರಡನೇ ಮಾಕಿನಲ್ಲಿ 5 ಬಂದಿತ್ತು. ಉಳಿದ ನಾಲ್ಕು ತಪ್ಪಿಗೆ ಮೇವರೆಗೆ ಸಮಯ ಇದೆ ತಾತ, ಎಂದಳು.

ನಿಮಗೂ ಸಮಯ ಇದೆ. ಇವತ್ತು ರಾತ್ರಿ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆಯಿರಿ. ಒಂದು ತಪ್ಪು ಬರೆದು ಮಲಗಿ.